ಕೀಲಿಕೈ ಕೊಟ್ಟವಳ ಕಥೆ

ಆ ದಿನ ಬಂದ ಏಳು ಮಂದಿಯಲ್ಲಿ ಒಬ್ಬರೂ ಫೋಟೋ ತೆಗೆಯಲಿಲ್ಲ.

ಎರ್ಸಿಲಿಯಾಗೆ ಮೊದಲು ಅನುಮಾನ ಬಂದದ್ದು ಅಲ್ಲಿಂದಲೇ. ಹನ್ನೊಂದು ವರ್ಷದಿಂದ ವಿಲ್ಲೆಮ್‌ಸ್ಟಾಡ್ ಎಂಬ ಬಂದರು ಪೇಟೆಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದವಳು ಅವಳು. ಪ್ರವಾಸಿ ಹಡಗಿನಿಂದ ಇಳಿದವರು ಏನು ಮಾಡುತ್ತಾರೆಂದು ಅವಳಿಗೆ ಬಾಯಿಪಾಠವಾಗಿತ್ತು. ನೀರಿನಂಚಿನ ಬಣ್ಣದ ಮನೆಗಳಿಗೆ ಬೆನ್ನು ಕೊಟ್ಟು ನಿಂತು ಮೊದಲು ತಮ್ಮದೇ ಫೋಟೋ ತೆಗೆದುಕೊಳ್ಳುತ್ತಾರೆ. ಆಮೇಲೆ ಅವಳ ತಲೆಯ ಬಿಳಿ ರುಮಾಲು, ನೆರಿಗೆ ಲಂಗ. ಆಮೇಲೆ ಕುಡಿಯಲು ಏನಾದರೂ ತಣ್ಣಗಿನದು ಎಲ್ಲಿ ಸಿಗುತ್ತದೆ ಎನ್ನುತ್ತಾರೆ. ಈ ಏಳು ಜನ ಅದ್ಯಾವುದನ್ನೂ ಮಾಡಲಿಲ್ಲ. ತೇಲುವ ಸೇತುವೆಯ ನಡುವೆ ನಿಂತು ಆಚೆ ದಡದ ಛಾವಣಿಗಳನ್ನು ನೋಡುತ್ತಿದ್ದರು. ಅವರ ಕಾಲಲ್ಲಿ ಹಡಗಿನವರ ಚಪ್ಪಲಿ ಇರಲಿಲ್ಲ, ಪಾಲಿಶ್ ಹಾಕಿದ ಬೂಟುಗಳಿದ್ದವು.

ಜೊತೆಗೆ ಉರ್ವಿನ್ ಬೇರೆ ಬಂದಿದ್ದ. ಅವಳು ಕೆಲಸ ಮಾಡುವ ಪ್ರವಾಸ ಕಂಪನಿಯ ಮ್ಯಾನೇಜರು. ಎರ್ಸಿಲಿಯಾಳ ಓಣಿಯಲ್ಲೇ, ಎರಡು ಬಾಗಿಲು ಆಚೆ ಹುಟ್ಟಿದವನು. ಕಾರಿನ ತಂಪು ಬಿಟ್ಟು ಬಿಸಿಲಿಗೆ ಇಳಿಯುವ ಆಸಾಮಿಯಲ್ಲ.

"ಏನಪ್ಪಾ, ಸೂರ್ಯ ಎಲ್ಲಿ ಹುಟ್ಟಿದ ಇವತ್ತು?" ಎಂದು ಅವಳು ಛೇಡಿಸಿದಳು.

"ನಡಿಯಕ್ಕ ಸುಮ್ನೆ. ಇವತ್ತು ಒಂದೂ ಬಿಡಬಾರ್ದು. ಕೀಲಿಕೈ ಕಥೆ ಅಂತೂ ಪೂರ್ತಿ ಹೇಳ್ಬೇಕು."

"ಯಾರೋ ಇವರೆಲ್ಲ?"

"ಗಿರಾಕಿಗಳು. ಇನ್ಯಾರು?" ಎಂದ ಉರ್ವಿನ್, ನೀರಿನ ಕಡೆ ನೋಡಿಕೊಂಡು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಯಾವುದೋ ಹಡಗು ಒಳಗೆ ಬರುತ್ತಿತ್ತು. ಅದಕ್ಕೆ ದಾರಿ ಬಿಡಲು, ಮೇಲಿದ್ದವರನ್ನು ಹೊತ್ತುಕೊಂಡೇ ಸೇತುವೆ ದಡ ಬಿಟ್ಟು ಸರಿಯಿತು. ದಿನಕ್ಕೆ ಆರು ಸಲ ಅದನ್ನು ದಾಟುವವಳಿಗೆ ಇದೇನು ಹೊಸದಲ್ಲ. ಆದರೂ ಅವತ್ತು ಅವಳು ಕಂಬಿ ಹಿಡಿದು ದಡ ದೂರವಾಗುವುದನ್ನೇ ನೋಡಿದಳು.

ಕಂಪನಿಯ ಮಾತುಗಳು ಬೇರೆ. ಅವನ್ನು ಕಲಿಯುವುದೇ ಆರು ವಾರದ ಕೆಲಸ. ಗುಲಾಮರು ಎನ್ನಬಾರದು, ಮನೆಯಾಳುಗಳು ಎನ್ನಬೇಕು. ತಂದು ಮಾರಿದರು ಎನ್ನಬಾರದು, ಬಂದು ನೆಲೆಸಿದರು ಎನ್ನಬೇಕು. ಚಾವಟಿ ಎನ್ನುವ ಮಾತೇ ಇಲ್ಲ. ಊಟಕ್ಕೆ ಮೊದಲು ಯಾರ ಮನಸ್ಸನ್ನೂ ಕೆಡಿಸಬಾರದು. ನಗುತ್ತಿರಬೇಕು. ರುಮಾಲಿನ ಒಳಗಿನ ಕೂದಲು ನಿಜದ್ದೋ ಎಂದು ಯಾರಾದರೂ ಕೇಳಿದರೆ ತಲೆ ಬಗ್ಗಿಸಿ ತೋರಿಸಬೇಕು. ಮುಟ್ಟಿ ನೋಡಿದರೆ ಮುಟ್ಟಿಸಿಕೊಳ್ಳಬೇಕು. ದಿನಕ್ಕೆ ಮೂರು ಸುತ್ತು, ಎಲ್ಲವೂ ಗುಂಡುಕಲ್ಲಿನ ಬೀದಿ. ಸಂಜೆಗೆ ಅವಳ ಮಂಡಿಗಳು ಊದಿ ಮಡಚಲು ಬರುತ್ತಿರಲಿಲ್ಲ. ಅವ್ವ ಲೋಳೆಸರ ಸೀಳಿ ಕಟ್ಟುತ್ತಿದ್ದಳು. ಬೆಳಿಗ್ಗೆ ಎದ್ದು ಮತ್ತೆ ನಗಬೇಕು.

ಕೋಟೆಯ ಗೋಡೆ ತೋರಿಸಿದಳು. ಏಳು ಜನ ಗೋಡೆ ನೋಡಲಿಲ್ಲ. ಮೀನಿನ ದೋಣಿಗಳು ನಿಲ್ಲುವ ಕಟ್ಟೆ ತೋರಿಸಿದಳು. ಗಡಿಯಾರ ನೋಡಿಕೊಂಡರು. ಕೊನೆಗೆ ದೊಡ್ಡಮನೆಯ ಅಂಗಳಕ್ಕೆ ಬಂದಾಗ ಮಾತ್ರ ಅವರಿಗೆ ಜೀವ ಬಂತು. ಒಂದು ಕಾಲಕ್ಕೆ ಹಡಗಿನಲ್ಲಿ ಬಂದ ಜನರನ್ನು ಮಾರುವ ತನಕ ಕೂಡಿಹಾಕುತ್ತಿದ್ದ ಮನೆ ಅದು. ಈಗ ಕಂಪನಿಯ ಹೋಟೆಲು. ಕೂಡಿಹಾಕುತ್ತಿದ್ದ ನೆಲಮಾಳಿಗೆಯಲ್ಲಿ ಮೇಣದ ಬತ್ತಿ ಹಚ್ಚಿ ಊಟ ಬಡಿಸುತ್ತಾರೆ.

ಗುಂಪಿನಲ್ಲಿ ಬೂದು ಕೋಟಿನ ಹೆಂಗಸೊಬ್ಬಳಿದ್ದಳು. ಅವಳು ಹಿಂದಿನ ಗೋಡೆಯ ಹತ್ತಿರಕ್ಕೆ ಹೋದಳು.

"ಈ ಗೋಡೆಯ ಹಿಂದೆಯೇ ಅಲ್ಲವೇ ಓಣಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಹೌದು. ಬಟ್ಟೆ ಒಗೆಯುವವರ ಓಣಿ."

"ಎಷ್ಟು ಬಾಗಿಲು?"

"ಒಂಬತ್ತು."

"ರಾತ್ರಿ ಎಷ್ಟು ಜನ ಮಲಗುತ್ತಾರೆ?"

ಪೇಟೆ ನೋಡಲು ಬಂದವರು ಕೇಳುವ ಪ್ರಶ್ನೆಯೇ ಇದು? ಪಕ್ಕದಲ್ಲಿ ಒಬ್ಬ ಉದ್ದನೆಯವನು ಜೇಬಿನಿಂದ ಸಣ್ಣ ಯಂತ್ರ ತೆಗೆದು ಹಿಂಬಾಗಿಲಿನ ಆಚೆಗೆ ಹಿಡಿದ. ಒಂದು ಕೆಂಪು ಚುಕ್ಕಿ ಓಣಿಯ ಗೋಡೆಗಳ ಮೇಲೆ ಹರಿದಾಡಿತು. ಹಗ್ಗದ ಮೇಲೆ ಒಣಗಲು ಹಾಕಿದ್ದ ಬಟ್ಟೆಗಳ ಮೇಲೆ ಹೋಯಿತು. ಆಮೇಲೆ ಮೂರನೆಯ ಬಾಗಿಲಿನ ಚೌಕಟ್ಟಿಗೆ ಬಂದು ನಿಂತಿತು. ಅದು ಅವಳ ಅವ್ವನ ಮನೆ. ಉದ್ದನೆಯವನು ಅಂಕಿ ಬರೆದುಕೊಂಡ.

ಅವಳು ಉರ್ವಿನ್‌ನ ತೋಳು ಹಿಡಿದು ಹೋಟೆಲಿನ ಅಡಿಗೆಮನೆಯ ಕಡೆಗೆ ಎಳೆದುಕೊಂಡು ಹೋದಳು.

"ನಿಜ ಹೇಳು. ಏನ್ ಅಳೀತಾವ್ರೆ ಇವರು?"

"ಹೋಟ್ಲು ಹಿಂದಕ್ಕೆ ಬೆಳೀತದೆ ಅಕ್ಕ. ಓಣಿಯೂ ಸೇರ್ಕತದೆ."

"ಓಣೀಲಿ ನಾವಿದೀವಲ್ಲೋ."

"ಇದೀರಿ. ಯಾವ ಕಾಗ್ದದ ಮೇಲಿದೀರಿ?" ಅವನು ಕರವಸ್ತ್ರದಿಂದ ಕತ್ತು ಒರೆಸಿಕೊಂಡ. "ನೋಡು, ನಮ್ದೇ ಅಂತ ತಲೆತಲಾಂತರದಿಂದ ಇದ್ದೋರಿಗೆ ಕಾಗ್ದ ಇಲ್ದಿದ್ರೂ ಹಕ್ಕು ಹುಟ್ತದೆ. ಇನ್ನೊಬ್ರು ದಯೆ ತೋರ್ಸಿ ಇಟ್ಟಿದ್ರೆ ಹುಟ್ಟಲ್ಲ. ಎದ್ದೋಗಿ ಅಂದ್ರೆ ಎದ್ದೋಗ್ಬೇಕು. ದೊಡ್ಡಮನೆ ಯಜಮಾನಿ ದಯೆಯಿಂದ ಮನೆ ಕೊಟ್ಲು ಅಂತ ಹನ್ನೊಂದು ವರ್ಷದಿಂದ ಊರಿಗೆಲ್ಲ ಸಾರ್ತಿರೋಳು ಯಾರು?"

ಎರ್ಸಿಲಿಯಾ ಹಿಡಿದಿದ್ದ ತೋಳು ಬಿಟ್ಟಳು.

"ಅದು ಕಥೆ ಕಣೋ."

"ನಿಂಗೆ ಕಥೆ. ಆ ಕೋಟಿನವಳು ಕಂಪನಿ ಮಾಲೀಕರ ವಕೀಲೆ. ಅವಳಿಗೆ ಅದು ಸಾಕ್ಷಿ. ಓಣಿಯೋಳ ಬಾಯಿಂದ್ಲೇ, ನಿಮ್ಮವ್ವನ ಎದುರ್ಗೇ ಒಂದ್ಸಲ ಕೇಳ್ಬೇಕು ಅಂತ ಬಂದವ್ಳೆ. ಹೇಳಿ ಮುಗಿಸ್ಬಿಡು. ನಿನ್ನ ಕೆಲ್ಸ ಎಲ್ಲೂ ಹೋಗಲ್ಲ. ನಿಮ್ಮವ್ವಂದೂ ಹೋಗಲ್ಲ."

"ನಮ್ಮವ್ವಂದು ಏನು ಕೆಲ್ಸ?"

"ಈಗ ಕೂರ್ತಾಳಲ್ಲ ಬಾಗ್ಲಲ್ಲಿ, ಅದೇ. ಬೆಳಿಗ್ಗೆ ವ್ಯಾನಲ್ಲಿ ಕರ್ಕಂಬರ್ತಾರೆ. ಕೂತ್ಕತಾಳೆ. ಸಂಜೆ ವಾಪಸ್ ಬಿಡ್ತಾರೆ."

"ಮನೆ ಒಳಗೆ?"

"ಒಳಗೆ ಗೆಸ್ಟುಗಳಿರ್ತಾರೆ," ಎಂದ ಉರ್ವಿನ್. ಕರವಸ್ತ್ರ ಮಡಚಿ ಜೇಬಿಗಿಟ್ಟು, "ನಾನೂ ಅದೇ ಓಣಿ ಬಿಟ್ ಬಂದೋನು. ಸತ್ತೋದ್ನಾ?" ಎಂದ.

ಆ ಕಥೆ ಹುಟ್ಟಿದ್ದು ಹೇಗೆ ಎಂದು ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ಎರ್ಸಿಲಿಯಾ ಇದ್ದದ್ದನ್ನು ಇದ್ದಂತೆಯೇ ಹೇಳಿದ್ದಳು. ಗುಲಾಮರನ್ನು ಬಿಡುಗಡೆ ಮಾಡಿದಾಗ ಸೆಲೆಸ್ತಿನಾ ಎಂಬುವಳಿಗೆ ಹದಿನೈದು ವರ್ಷ. ಹೋಗು ಎಂದರು. ಎಲ್ಲಿಗೆ? ನಿಂತ ನೆಲವೂ ದೊಡ್ಡಮನೆಯದು. ಇಲ್ಲೇ ಇರಬೇಕಾದರೆ ವಾರಕ್ಕೆ ಮೂರು ದಿನ ದೊಡ್ಡಮನೆಯ ಬಟ್ಟೆ ಬಿಟ್ಟಿಯಾಗಿ ಒಗೆ ಎಂದರು. 'ಪಾಗಾ ತೆರಾ' ಎಂದು ಅದರ ಹೆಸರು. ಪಾಗಾ ಎಂದರೆ ತೀರಿಸುವುದು, ತೆರಾ ಎಂದರೆ ನೆಲ. ನಿಂತ ನೆಲವನ್ನು ಮೈಯಿಂದ ತೀರಿಸುವುದು. ತೋಟಗಳಲ್ಲಿದ್ದ ಪದ್ಧತಿಯನ್ನು ದೊಡ್ಡಮನೆಯವರು ಪೇಟೆಗೂ ತಂದಿದ್ದರು. ಮನೆಯನ್ನು ಸೆಲೆಸ್ತಿನಾ ತಾನೇ ಕಟ್ಟಿದಳು, ಸಮುದ್ರದ ಕಲ್ಲು ಹೊತ್ತು, ಸುಣ್ಣ ಅರೆದು. ಅವಳು ಒಗೆದಳು. ಅವಳ ಮಗಳು ಒಗೆದಳು. ಮೊಮ್ಮಗಳು ಒಗೆದಳು. ನಾಲ್ಕನೆಯವಳು ಎರ್ಸಿಲಿಯಾಳ ಅವ್ವ ಬಾಲ್ಬಿನಾ. ಒಂಬತ್ತನೇ ವರ್ಷಕ್ಕೆ ಬಟ್ಟೆಯ ತೊಟ್ಟಿ ಹೊತ್ತಳು, ಹತ್ತೊಂಬತ್ತರ ತನಕ ಇಳಿಸಲಿಲ್ಲ. ಆಮೇಲೆ ಕೊನೆಯ ಯಜಮಾನಿ ಸತ್ತು ದೊಡ್ಡಮನೆಗೆ ಬೀಗ ಬಿತ್ತು. ಅರವತ್ತು ವರ್ಷ ಒಗೆಯಲು ಯಾರೂ ಕರೆಯಲಿಲ್ಲ, ಏಳಿ ಎಂದು ಯಾರೂ ಹೇಳಲಿಲ್ಲ. ನೆಲ ತೀರಿತು ಎಂದು ಓಣಿ ತಿಳಿದುಕೊಂಡಿತು.

ಇದನ್ನು ಹೇಳಿದರೆ ಬಂದವರ ಮುಖ ಸಪ್ಪಗಾಯಿತು. ಊಟ ರುಚಿಸಲಿಲ್ಲ ಎಂದು ದೂರು ಹೋಯಿತು. ಸ್ವಲ್ಪ ಸಿಹಿ ಮಾಡಿ ಹೇಳು ಎಂದು ಕಂಪನಿ ಕರೆದು ಹೇಳಿತು. ಎರ್ಸಿಲಿಯಾ ಮಾಡಿದಳು. ಅವಳ ಕಥೆಯಲ್ಲಿ ಯಜಮಾನಿ ಬಾಗಿಲಿಗೆ ಬಂದಳು, ಕಣ್ಣೊರೆಸಿಕೊಂಡಳು, "ನೀನು ನನ್ನ ಮಗಳಿದ್ದ ಹಾಗೆ" ಎಂದಳು, ಕೀಲಿಕೈ ಕೊಟ್ಟಳು. ಜನ ಆಹಾ ಎಂದರು. ಕೆಲವರು ಕಣ್ಣೀರು ಹಾಕಿದರು. ಆಗ ಅವಳು ಬಾಗಿಲಲ್ಲಿ ಕೂತ ಅವ್ವನ ಹೆಗಲ ಮೇಲೆ ಕೈ ಇಡುತ್ತಿದ್ದಳು. ಕೈ ಇಟ್ಟಾಗ ತಲೆ ಆಡಿಸು ಎಂದು ಅವ್ವನಿಗೆ ಹೇಳಿಕೊಟ್ಟಿದ್ದಳು. ಬಾಲ್ಬಿನಾಗೆ ಊರಿನ ಪಾಪಿಯಾಮೆಂಟು ಭಾಷೆ ಬಿಟ್ಟು ಬೇರೆ ಮಾತು ಬಾರದು. ಮಗಳು ಏನು ಹೇಳುತ್ತಾಳೋ ಗೊತ್ತಿಲ್ಲದೆ ಹನ್ನೊಂದು ವರ್ಷ ತಲೆ ಆಡಿಸಿದ್ದಳು.

ಓಣಿಯಲ್ಲಿ ಗಾಳಿ ಇರಲಿಲ್ಲ. ಬಾಲ್ಬಿನಾ ಹೊಸ್ತಿಲ ಮೇಲೆ ಕೂತು ಮಡಿಲಲ್ಲಿ ಅಲಸಂದೆ ಕಾಳು ಆರಿಸುತ್ತಿದ್ದಳು. ತೊಟ್ಟಿ ಹೊತ್ತ ಸೊಂಟ ಎಡಕ್ಕೆ ಬಾಗಿ ಹಾಗೆಯೇ ಉಳಿದಿತ್ತು, ಆದ್ದರಿಂದ ಅವಳು ಕೂತರೂ ಎತ್ತಲೋ ಎದ್ದು ಹೊರಟವಳ ಹಾಗೆ ಕಾಣುತ್ತಿದ್ದಳು. ಏಳು ಜನ ಅರ್ಧ ಸುತ್ತಾಗಿ ನಿಂತರು. ವಕೀಲೆ ಫೋನು ಹೊರತೆಗೆದು ಮುಂದೆ ಹಿಡಿದಳು. ಅದರ ಮೇಲೆ ಸಣ್ಣ ಕೆಂಪು ದೀಪ ಉರಿಯುತ್ತಿತ್ತು.

"ಹೇಳಿ. ನೀವು ಯಾವಾಗಲೂ ಹೇಳುವ ಹಾಗೆಯೇ."

ಹನ್ನೊಂದು ವರ್ಷದ ಅಭ್ಯಾಸ ಎಂಥದೆಂದರೆ ಬಾಯಿ ತಾನೇ ತೆರೆಯಿತು. "ಈ ಮನೆ," ಎಂದಳು ಎರ್ಸಿಲಿಯಾ. ಕೈ ತಾನೇ ಹೋಗಿ ಅವ್ವನ ಹೆಗಲ ಮೇಲೆ ಕೂತಿತು. ಬಾಲ್ಬಿನಾ ತಲೆ ಎತ್ತಿ, ಹಲ್ಲಿಲ್ಲದ ಬಾಯಲ್ಲಿ ನಕ್ಕು, ಗೋಣು ಆಡಿಸತೊಡಗಿದಳು. ಹೌದು, ಹೌದು, ಹೌದು. ಫೋನು ಅವಳ ಮುಖದ ಹತ್ತಿರಕ್ಕೆ ಬಂತು.

ಎರ್ಸಿಲಿಯಾ ಕೈ ಕಿತ್ತುಕೊಂಡಳು.

ಬಾಲ್ಬಿನಾಗೆ ಗೊಂದಲವಾಯಿತು. "ಯಾಕೆ, ಸಾಕಾ? ಇನ್ನೂ ಆಡಿಸ್ಲಾ?"

"ಬ್ಯಾಡವ್ವ. ಆಡಿಸ್ಬ್ಯಾಡ." ಅವಳು ಊದಿದ ಮಂಡಿ ಮಡಚಿ ಅವ್ವನ ಎದುರು ನೆಲದ ಮೇಲೆ ಕೂತಳು. "ಇಷ್ಟು ದಿನ ಇವರಿಗೆಲ್ಲ ನಾನು ಏನ್ ಹೇಳ್ತಿದ್ದೆ, ಗೊತ್ತಾ ನಿಂಗೆ?"

"ನಂಗೇನ್ ಗೊತ್ತು. ಚೆನ್ನಾಗೇ ಹೇಳ್ತಿದ್ದೆ. ಜನ ಖುಷಿ ಪಡ್ತಿದ್ರು."

"ಯಜಮಾನಿ ಪ್ರೀತಿಯಿಂದ ಸೆಲೆಸ್ತಿನಾಗೆ ಈ ಮನೆ ಕೊಟ್ಲು ಅಂತ ಹೇಳ್ತಿದ್ದೆ."

ಕಾಳಿನ ಮೇಲಿದ್ದ ಬೆರಳುಗಳು ನಿಂತವು.

"ಕೊಟ್ಲು ಅಂತ?"

"ಹೂಂ."

"ಅದ್ಕಾ ನಾನು ತಲೆ ಆಡಿಸ್ತಿದ್ದಿದ್ದು?"

"ಹೂಂ ಅವ್ವ. ಈಗ ಅದ್ನೇ ಹಿಡ್ಕೊಂಡು ಮನೆ ಬಿಡಿ ಅಂತಾವ್ರೆ."

ಬಾಲ್ಬಿನಾ ಮಗಳ ಮುಖ ನೋಡಿದಳು. ಹೊಡೆದಿದ್ದರೆ ಎರ್ಸಿಲಿಯಾಗೆ ಎಷ್ಟೋ ವಾಸಿಯಾಗುತ್ತಿತ್ತು.

"ನನ್ ತಲೇನ ಅವರಿಗೆ ಆಡಿಸ್ಕೊಟ್ಯಲ್ಲೇ," ಎಂದಳು ಮುದುಕಿ.

ಉರ್ವಿನ್ ಮುಂದೆ ಬಂದ. "ಹೋಗ್ಲಿ ಬಿಡಜ್ಜಿ, ಹಳೇದೆಲ್ಲ ಯಾಕೆ ಈಗ. ಆ ಕಾಲದಲ್ಲಿ ಏನೋ ಒಂದು ಕೊಟ್ಟವ್ರೆ."

"ನೀನು ಬಾಯ್ಮುಚ್ಚೋ. ನಿಮ್ಮಜ್ಜಿ ಜೊತೆ ತೊಟ್ಟಿ ಹೊತ್ತೋಳು ನಾನು. ಆ ದೊಡ್ಡಮನೆ ಮೆಟ್ಲಲ್ಲಿ ಜಾರಿ ಬಿದ್ದು ಬೆನ್ನು ಮುರ್ಕೊಂಡ್ಲಲ್ಲ, ಅದು ಪುಗಸಟ್ಟೆಗಾ? ಒಗೀದೆ ಬಿದ್ದಿದ್ರೆ ನೆಲ ಬಿಡು ಅಂತ ಹೇಳಿ ಕಳಿಸಿದ್ರು. ಬೆನ್ನು ಮುರಿದೋಳ ಬದ್ಲು ನಿಮ್ಮಪ್ಪ ಬಂದು ಒಗೆದ, ಏಳು ವರ್ಷದ ಗಂಡು ಹುಡ್ಗ. ಹೇಳಿಲ್ವಾ ನಿಂಗೆ?"

ಉರ್ವಿನ್‌ಗೆ ಅವನಪ್ಪ ಹೇಳಿರಲಿಲ್ಲ. ಅದು ಅವನ ಮುಖದಲ್ಲೇ ಕಂಡಿತು.

"ಏನು ಕೊಟ್ಲು ಅಂತ ನಾನು ಹೇಳ್ತೀನಿ," ಬಾಲ್ಬಿನಾ ಈಗ ನೇರ ವಕೀಲೆಯನ್ನೇ ನೋಡುತ್ತಿದ್ದಳು. "ಕುದಿಯೋ ಸೌಳಿನ ನೀರು ಕೊಟ್ಲು. ಕೈ ಬೆಂದು ಚರ್ಮ ಎದ್ರೆ, ಇನ್ನೊಂದು ಕೈ ಐತಲ್ಲ ಅಂದ್ಲು. ಹಾಸಿಗೆ ಬಟ್ಟೆ ಮೇಲೆ ನನ್ ಕೈ ರಕ್ತ ಆದ್ರೆ ಅದ್ನೂ ನಾನೇ ಮತ್ತೆ ಒಗೀಬೇಕಾಗಿತ್ತು. ನಾಲ್ಕು ತಲೆಮಾರು ಒಗ್ದಿದೀವಿ. ಹೇಳೇ ಅವಳಿಗೆ. ನಾನು ಹೇಳ್ದಂಗೇ ಹೇಳು. ಸಕ್ರೆ ಹಾಕ್ಬ್ಯಾಡ."

ಎರ್ಸಿಲಿಯಾ ಎದ್ದು ನಿಂತಳು. ಅವ್ವನ ಮಾತನ್ನು ಒಂದೂ ಬಿಡದೆ ಇಂಗ್ಲಿಷಿಗೆ ತಂದಳು. ಗುಲಾಮರು ಎಂದಳು. ಮಾರಿದರು ಎಂದಳು. ಬಿಟ್ಟಿ ಎಂದಳು. ಹನ್ನೊಂದು ವರ್ಷ ಬಾಯಿಗೆ ಬಾರದ ಮಾತುಗಳು ಒಂದರ ಹಿಂದೆ ಒಂದು ಬಂದವು. ನಗಲಿಲ್ಲ. ಕೊನೆಗೆ, "ಯಾರೂ ಏನೂ ಕೊಡಲಿಲ್ಲ. ನಾವು ತೀರಿಸಿದ್ದೇವೆ," ಎಂದಳು.

ವಕೀಲೆಗೆ ಸಿಟ್ಟು ಬರಲಿಲ್ಲ. ಫೋನಿನಲ್ಲಿ ಏನನ್ನೋ ಹುಡುಕಿ ಒತ್ತಿದಳು. ಒಂದು ಹೆಣ್ಣಿನ ದನಿ, ಜೇನು ಸವರಿದ ದನಿ, ಓಣಿಯಲ್ಲಿ ಕೇಳಿಸಿತು. ಯಜಮಾನಿ ಕಣ್ಣೊರೆಸಿಕೊಂಡಳು, ಕೀಲಿಕೈ ಕೊಟ್ಟಳು. ಹಿಂದಿನಿಂದ ಜನರ ಆಹಾ.

"ಹೋದ ವರ್ಷದ್ದು. ಇಂಥವು ಇಪ್ಪತ್ತು ಇವೆ. ನಿಮ್ಮದೇ ದನಿ ಅಲ್ಲವೇ?"

"ನನ್ನದೇ."

"ಹಾಗಾದರೆ ಎರಡರಲ್ಲಿ ಯಾವುದು ಸುಳ್ಳು?"

"ಅದು."

"ಯಾಕೆ ಹೇಳಿದಿರಿ?"

"ಹೊಟ್ಟೆಪಾಡಿಗೆ."

"ಈಗ ಹೇಳಿದ್ದು?"

"ಇದನ್ನು ಹೇಳಿದರೆ ಹೊಟ್ಟೆಗೆ ಕಲ್ಲು ಬೀಳುತ್ತದೆ. ಈಗಲೇ ಬೀಳುತ್ತದೆ, ಇಲ್ಲೇ ನಿಂತು ನೋಡಿ."

ಅದಕ್ಕಾಗಿಯೇ ಕಾದಿದ್ದವನಂತೆ ಉರ್ವಿನ್ ಕೈ ಚಾಚಿದ. ಗೈಡಿನ ಬಿಲ್ಲೆ ಕೇಳಿದ. ಅವಳು ಬಿಲ್ಲೆ ಕಿತ್ತುಕೊಟ್ಟಳು. ಬಿಳಿ ರುಮಾಲು ಬಿಚ್ಚಿ ಅದರ ಮೇಲೆ ಹಾಕಿದಳು. ಒಳಗೆ ಹೋಗಿ ತನ್ನ ಹಳೆಯ ಬಟ್ಟೆ ತೊಟ್ಟು, ನೆರಿಗೆ ಲಂಗವನ್ನು ಮುದ್ದೆ ಮಾಡಿ ತಂದಳು.

"ಲಂಗ ಒಗೆದು ವಾಪಸ್ ಕೊಡ್ಬೇಕು ಅಂತ ರೂಲ್ ಐತೆ," ಎಂದ ಉರ್ವಿನ್, ಎತ್ತಲೋ ನೋಡುತ್ತ.

"ನೀನೇ ಒಗ್ಕೋ," ಎಂದಳು ಎರ್ಸಿಲಿಯಾ.

ಅವರು ಹೋದರು. ಮಧ್ಯಾಹ್ನ ಇಬ್ಬರು ಬಂದು ಒಂಬತ್ತು ಬಾಗಿಲಿಗೂ ಒಂದೊಂದು ಕಾಗದ ಅಂಟಿಸಿದರು. ಮನೆ ಬಿಡಲು ಹದಿನಾಲ್ಕು ದಿನದ ಗಡುವು. ಒಪ್ಪದವರು ಕೋರ್ಟಿಗೆ ಬರಬಹುದು. ಕಾಗದ ಓದಿ ಹೇಳೆಂದು ಓಣಿಯ ಹೆಂಗಸರು ಎರ್ಸಿಲಿಯಾಳ ಹತ್ತಿರವೇ ಬಂದರು. ಅವಳು ಓದಿದಳು. ಮೂರನೆಯ ಸಾಲಿನಲ್ಲಿ ಅವಳದೇ ಹೆಸರಿತ್ತು. ಓಣಿಯ ನಿವಾಸಿ, ಅನುಭವಿ ಗೈಡು, ಇವಳು ಅನೇಕ ಬಾರಿ ಹೇಳಿರುವಂತೆ. ಅದನ್ನೂ ಬಿಡದೆ ಓದಿದಳು. ಯಾರೂ ಬೈಯಲಿಲ್ಲ. ಒಬ್ಬೊಬ್ಬರೇ ಎದ್ದು ಒಳಗೆ ಹೋದರು. ತಪ್ಪು ತನ್ನದು ಎಂದು ಅವಳಿಗೆ ಗೊತ್ತಿತ್ತು.

ಬಾಲ್ಬಿನಾ ಒಲೆ ಹೊತ್ತಿಸಿದಳು. ಜೋಳದ ಮುದ್ದೆ ತಿರುವಿ, ಅಲಸಂದೆ ಬೆರೆಸಿ, ಮಗಳ ಮುಂದೆ ತಟ್ಟೆ ಇಟ್ಟಳು. ತಾನು ತಿನ್ನಲಿಲ್ಲ. ಸಂಜೆ ಬಿಸಿಲು ಇಳಿಯುವಾಗ ಲೋಳೆಸರ ಸೀಳಿಕೊಂಡು ಬಂದು ಮಗಳ ಮಂಡಿಗೆ ಕಟ್ಟುತ್ತಾ ಕೇಳಿದಳು.

"ನಾಳೆ ಹಡಗು ಐತಾ?"

"ಎರಡು ಐತೆ."

"ಕರ್ಕಂಬರೋರು ಯಾರು?"

"ಇನ್ಯಾರಾದ್ರೂ ಸಿಗ್ತಾರೆ. ಕಥೆ ಬರೆದಿಟ್ಟವ್ರಲ್ಲ."

"ಅದ್ರಲ್ಲೂ ಕೊಟ್ಲು ಅಂತ್ಲೇ ಇರ್ತದಾ?"

"ಹೂಂ."

ಬಾಲ್ಬಿನಾ ಗಂಟು ಬಿಗಿದಳು. "ತೀರಿಸಿದೀವಿ ಅನ್ನಕ್ಕೆ ಅವರ ಮಾತಲ್ಲಿ ಏನಂತಾರೆ?"

ಎರ್ಸಿಲಿಯಾ ಹೇಳಿದಳು. ಮುದುಕಿ ಬಾಯಲ್ಲಿ ಹೊರಳಿಸಿ ನೋಡಿದಳು. "ನಮ್ ಪಾಗಾಗೆ ದಾಯಾದಿ ಇದ್ದಂಗದೆ," ಎಂದಳು. ಕೊನೆಯ ಅಕ್ಷರ ಹಲ್ಲಿಲ್ಲದ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಹತ್ತು ಸಲ ಅಂದಳು. ಆಮೇಲೆ ಕೋಲು ಹಿಡಿದು ಎದ್ದು, ಸೊಂಟ ವಾಲಿಸಿಕೊಂಡು, ಒಂದೊಂದೇ ಬಾಗಿಲು ತಟ್ಟುತ್ತಾ ಓಣಿಯ ಕೊನೆಯ ತನಕ ಹೋದಳು.

ಮಾರನೇ ದಿನ ಬೆಳಿಗ್ಗೆ ಓಣಿಯ ಬಾಯಿಗೆ ಒಂದು ಲಾರಿ ಬಂದು ನಿಂತಿತು. ಹದಿನಾಲ್ಕು ದಿನದಲ್ಲಿ ಇನ್ನೂ ಒಂದೂ ಕಳೆದಿರಲಿಲ್ಲ, ಲಾರಿಗೆ ಅದು ಗೊತ್ತಿದ್ದಂತೆ ಕಾಣಲಿಲ್ಲ. ತಗಡಿನ ಬೇಲಿ, ಕಂಬಗಳು ಅದರ ತುಂಬ ಇದ್ದವು. ಇಂಜಿನು ಆರಿಸಿರಲಿಲ್ಲ. ಅದರ ಪಕ್ಕದಲ್ಲೇ ನುಸುಳಿಕೊಂಡು ಹತ್ತು ಗಂಟೆಯ ಗುಂಪು ಒಳಗೆ ಬಂತು. ಇಪ್ಪತ್ತು ಜನ, ಚಪ್ಪಲಿ, ಟೋಪಿ, ಎತ್ತಿದ ಫೋನುಗಳು. ಮುಂದೆ ಶುರೈಕಾ ಎಂಬ ಹೊಸ ಗೈಡು, ಬೇರೆ ಊರಿನವಳು, ಸುಮಾರು ಇಪ್ಪತ್ತೆರಡು ವಯಸ್ಸು. ಅವಳಿಗೆ ರುಮಾಲು ಕಟ್ಟಲು ಇನ್ನೂ ಬರುತ್ತಿರಲಿಲ್ಲ. ಕೈಯಲ್ಲಿ ಕಂಪನಿಯ ಹಾಳೆ.

ಒಂಬತ್ತು ಹೊಸ್ತಿಲಲ್ಲೂ ಹೆಂಗಸರು ನಿಂತಿದ್ದರು. ಎರ್ಸಿಲಿಯಾ ಅವ್ವನ ಹಿಂದೆ, ಒಳಗಿನ ನೆರಳಲ್ಲಿದ್ದಳು.

ಶುರೈಕಾ ನಕ್ಕಳು. ಹಾಳೆ ನೋಡಿಕೊಂಡಳು. ಬಿಡುಗಡೆಯ ದಿನ ದೊಡ್ಡಮನೆಯ ಯಜಮಾನಿ ಈ ಬಾಗಿಲಿಗೆ ಬಂದು ಸೆಲೆಸ್ತಿನಾಗೆ ಮನೆಯನ್ನು ಕೊಟ್ಟಳು ಎಂದಳು.

"ಪೇಯ್ಡ್," ಎಂದಳು ಬಾಲ್ಬಿನಾ.

ಗುಂಪಿನಲ್ಲಿ ಒಬ್ಬಿಬ್ಬರು ನಕ್ಕರು. ಮುದುಕಿ ಇಂಗ್ಲಿಷ್ ಮಾತಾಡಿದಳೆಂದು ಫೋನುಗಳು ಅವಳ ಕಡೆ ತಿರುಗಿದವು. ಶುರೈಕಾ ಕೆಮ್ಮಿ, ಯಜಮಾನಿ ಕಣ್ಣೊರೆಸಿಕೊಳ್ಳುತ್ತಾ ಕೀಲಿಕೈ ಕೊಟ್ಟಳು ಎಂದಳು.

"ಪೇಯ್ಡ್." ಈ ಸಲ ಎರಡನೇ ಬಾಗಿಲಿನಿಂದಲೂ ಬಂತು, ನಾಲ್ಕನೆಯದರಿಂದಲೂ ಬಂತು.

ಹುಡುಗಿ ಹಾಳೆ ತಿರುವಿದಳು. ಅವಳ ದನಿ ಸಣ್ಣಗಾಗಿತ್ತು. ಪ್ರೀತಿಯಿಂದ ಕೊಟ್ಟ ಈ ಮನೆಯಲ್ಲಿ ಎಂದು ಶುರುಮಾಡಿದಳು. ಒಂಬತ್ತು ಬಾಗಿಲೂ ಒಟ್ಟಿಗೆ ಅಂದವು. ಕೆಲವರಿಗೆ ಅಕ್ಷರ ಸರಿ ಬರಲಿಲ್ಲ, ಯಾರೋ ಪಾಗಾ ಎಂದೇ ಕೂಗಿದರು. ಗೋಡೆಗಳ ನಡುವೆ ಅದು ದಪ್ಪಗೆ ಕೇಳಿಸಿತು. ಯಾರೂ ಈಗ ನಗುತ್ತಿರಲಿಲ್ಲ. ಟೋಪಿಯ ಒಬ್ಬ ಹೆಂಗಸು ಫೋನು ಕೆಳಗಿಳಿಸಿ, ಇವರು ಏನನ್ನು ತೀರಿಸಿದ್ದು ಎಂದು ಶುರೈಕಾಳನ್ನು ಕೇಳಿದಳು.

ಓಣಿಯ ಬಾಯಲ್ಲಿ ಲಾರಿಯ ಹಿಂಬಾಗಿಲು ದಡಾರನೆ ಬಿತ್ತು. ಕಂಬ ಇಳಿಸುವ ಸದ್ದು ಶುರುವಾಯಿತು.

ಶುರೈಕಾ ಹಾಳೆಯಲ್ಲಿ ಉತ್ತರ ಹುಡುಕಿದಳು. ಅಲ್ಲಿರಲಿಲ್ಲ. ಅವಳು ಹಾಳೆ ಕೆಳಗಿಳಿಸಿ, ಬಾಲ್ಬಿನಾಳ ಕಡೆ ಬಗ್ಗಿ, ಪಾಪಿಯಾಮೆಂಟುವಿನಲ್ಲಿ ಮೆಲ್ಲಗೆ ಕೇಳಿದಳು.

"ಏನಂತ ಹೇಳ್ಲಿ ಅಜ್ಜಿ ಇವರಿಗೆ?"